ಲಾರಾ ಆರ್‌ಎಸ್‌ನ ಮುಂದಿನ ಲೋವರ್ ಆರ್ಮ್ ಬುಷ್: ನಾನು ಆರಿಸಿದ್ದು, ಕೂರಿಸಿದ್ದು

ನನ್ನದು ಸ್ಕೋಡಾ ಲಾರಾ ಆರ್‌ಎಸ್. 1.8 ಟಿಎಸ್‌ಐ ಎಂಜಿನ್, 160 ಪಿಎಸ್, 6 ಗೇರಿನ ಮ್ಯಾನ್ಯುವಲ್. 2011ರಲ್ಲಿ ನಮ್ಮ ದೇಶಕ್ಕೆ ಬಂದ ಮಾದರಿ. ಹಳೆಯದಾದರೂ ಬೆಳಗಾವಿಯಿಂದ ಧಾರವಾಡದ ಕಡೆ ಹೆದ್ದಾರಿ 48ಕ್ಕೆ ಇಳಿದರೆ ಈಗಲೂ ಮನಸ್ಸು ಅರಳುತ್ತದೆ. ಅದೇ ಕಾರನ್ನು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್‌ನಲ್ಲೂ ಓಡಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಆ ಕಡೆ ತಗ್ಗುಗಳು ಹೇಗಿರುತ್ತವೆ ಅಂತ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಈ ಎರಡೂ ರಸ್ತೆ ತಲೆಯಲ್ಲಿಟ್ಟುಕೊಂಡೇ ನಾನು ಲೋವರ್ ಆರ್ಮ್‌ನ ಬುಷ್ ಆರಿಸಿದ್ದು. ಲೋವರ್ ಆರ್ಮ್ ಅಂದರೆ ಮುಂದಿನ ಚಕ್ರವನ್ನು ಕಾರಿನ ತಳಕ್ಕೆ ಹಿಡಿದಿಡುವ ತೋಳು, ಬುಷ್ ಅಂದರೆ ಆ ತೋಳು ತಳಕ್ಕೆ ಕೂಡುವಲ್ಲಿ ಕೂರುವ ಮೆತ್ತೆ.

ತೊಂದರೆ ಮೊದಲು ಕಂಡಿದ್ದು ಬ್ರೇಕ್ ಹಾಕುವಾಗ. ನೂರರ ಆಸುಪಾಸಿನಲ್ಲಿ ಬ್ರೇಕ್ ಒತ್ತಿದರೆ ಮೂತಿ ಸ್ವಲ್ಪ ಎಡಕ್ಕೆ ಸರಿಯುತ್ತಿತ್ತು. ಬಿಟ್ಟ ಕೂಡಲೇ ವಾಪಸ್ ಬರುತ್ತಿತ್ತು. ಹಂಪ್ ಮೇಲೆ ಹತ್ತಿ ಇಳಿಯುವಾಗ ಕೆಳಗಿನಿಂದ ಟಕ್ ಅಂತ ಸದ್ದು. ಅಲೈನ್‌ಮೆಂಟ್ ಮಾಡಿಸಿದರೂ ಟೈರಿನ ಒಳಅಂಚು ಸವೆಯುತ್ತಿತ್ತು. ಮೂರೂ ಒಟ್ಟಿಗೆ ಬಂದರೆ ಮೊದಲು ಲೋವರ್ ಆರ್ಮ್ ಬುಷ್ ನೋಡಬೇಕು.

ಈ ಕಾರಿನ ಆರ್ಮ್‌ಗೆ ಎರಡು ಬುಷ್. ಮುಂದಿನದು ಚಿಕ್ಕದು. ಹಿಂದಿನದು ದೊಡ್ಡದು, ಬೇರೆ ಬ್ರಾಕೆಟ್ ಒಳಗೆ ಕೂರುತ್ತದೆ. ಬ್ರೇಕ್ ಹಾಕಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಆಗ ಆರ್ಮ್ ಹೊರಳದಂತೆ ತಡೆಯುವ ಮುಖ್ಯ ಕೆಲಸ ಹಿಂದಿನ ಬುಷ್‌ನದು. ಅದು ಸಡಿಲಾದರೆ ಚಕ್ರದ ದಿಕ್ಕೇ ಬದಲಾಗುತ್ತದೆ. ಸ್ಟೇರಿಂಗ್ ಎಷ್ಟು ಗಟ್ಟಿಯಾಗಿ ಹಿಡಿದರೂ ಪ್ರಯೋಜನವಿಲ್ಲ.

ನೋಡುವುದು ಸುಲಭ. ಕಾರನ್ನು ಪಿಟ್ ಮೇಲೆ ನಿಲ್ಲಿಸಿ ಆರ್ಮ್ ಮತ್ತು ಅದನ್ನು ಹೊತ್ತ ತಳದ ಚೌಕಟ್ಟು, ಅಂದರೆ ಸಬ್‌ಫ್ರೇಮ್, ನಡುವೆ ಚಿಕ್ಕ ಹಾರೆ ಕೊಟ್ಟು ಮೀಟಿದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಅದು ಬರೀ ವಯಸ್ಸು, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನನ್ನ ಎಡಗಡೆಯ ಬುಷ್‌ನಲ್ಲಿ ರಬ್ಬರ್ ನಡುವಿನ ಕಬ್ಬಿಣದಿಂದ ಬಿಟ್ಟುಕೊಂಡಿತ್ತು. ಹಾರೆ ಒತ್ತಿದಾಗ ಸೀಳು ಬಾಯಿ ತೆರೆಯುವುದು ಬ್ಯಾಟರಿ ಬೆಳಕಲ್ಲಿ ಚೆನ್ನಾಗಿ ಕಂಡಿತು. ಆರ್ಮ್‌ನ ಚಕ್ರದ ಕಡೆಯ ಕೀಲು, ಬಾಲ್ ಜಾಯಿಂಟ್, ಮಾತ್ರ ಗಟ್ಟಿ ಇತ್ತು.

ಇನ್ನು ಆಯ್ಕೆ. ಗೆಳೆಯರೆಲ್ಲ ರಬ್ಬರ್ ಬದಲು ಪಾಲಿಯೂರಿಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಬುಷ್ ಹಾಕು ಅಂದರು. ಅದರ ಒಳ್ಳೆಯ ಗುಣ ನನಗೆ ಗೊತ್ತು: ಗಟ್ಟಿ, ಎಣ್ಣೆಗೆ ಬೇಗ ಹಾಳಾಗುವುದಿಲ್ಲ, ಮನೆಯಲ್ಲೇ ಕೈಯಿಂದ ಕೂರಿಸಬಹುದು. ಆದರೆ ಅದು ಕೆಲಸ ಮಾಡುವ ರೀತಿ ಬೇರೆ. ರಬ್ಬರ್ ಬುಷ್ ಒಳಗಿನ ಮತ್ತು ಹೊರಗಿನ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆರ್ಮ್ ಆಡಿದಾಗ ತಾನೇ ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ. ಎಲ್ಲೂ ಉಜ್ಜುವುದಿಲ್ಲ. ಪಾಲಿಯಲ್ಲಿ ನಡುವಿನ ಕೊಳವೆ ಒಳಗೇ ತಿರುಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ನಮ್ಮ ಕೆಂಪು ಧೂಳು, ಘಾಟಿನ ಕೆಸರು ಒಳಗೆ ಹೋಗಿ ಗ್ರೀಸ್ ಒಣಗಿತು ಅಂದ್ರೆ ಕಿರ್ ಕಿರ್ ಶುರು. ಆಮೇಲೆ ಬಿಚ್ಚಿ ತೊಳೆದು ಮತ್ತೆ ಗ್ರೀಸ್ ಹಚ್ಚಬೇಕು. ಟ್ರ್ಯಾಕ್‌ಗೆ ಹೋಗುವವರು ಬಳಸುವ ಲೋಹದ ಗೋಳದ ಬೇರಿಂಗ್ ಅಂತೂ ಚೋರ್ಲಾದ ತಗ್ಗಿನ ಪ್ರತಿ ಪೆಟ್ಟನ್ನೂ ನೇರ ಕಾರಿನ ಮೈಗೆ ಮುಟ್ಟಿಸುತ್ತದೆ. ಸುಮ್ನೆ ಯಾಕೆ ಬೇಕು?

ನಾನು ಆರಿಸಿದ್ದು ಮೂರನೆಯ ದಾರಿ. ಲಾರಾದ ಹಿಂದಿನ ಬುಷ್‌ನಲ್ಲಿ ಮೆತ್ತಗಿರಲಿ ಅಂತ ರಬ್ಬರಿನ ನಡುವೆ ಖಾಲಿ ಸೀಳು ಬಿಟ್ಟಿರುತ್ತಾರೆ. ಇದೇ ತಳಹದಿಯ ಮೇಲೆ ಬಂದ ಎರಡನೇ ತಲೆಮಾರಿನ ಆಡಿ ಟಿಟಿಗೆ ಹಾಕಿದ ಬುಷ್ ಕೂಡ ರಬ್ಬರೇ, ಆದರೆ ತುಂಬಿದ ರಬ್ಬರ್. ನಮ್ಮ ಬ್ರಾಕೆಟ್‌ಗೇ ಕೂರುತ್ತದೆ. ಗ್ರೀಸ್ ಬೇಡ, ಸದ್ದಿಲ್ಲ, ಬ್ರೇಕಿಗೆ ಬಗ್ಗುವುದೂ ಕಡಿಮೆ. ಆರ್ಮ್‌ನ ಹಿಂದಿನ ಬುಷ್ ಜಾಗಕ್ಕೆ ಅದನ್ನು ಹಾಕಿದೆ. ಮುಂದಿನ ಚಿಕ್ಕ ಬುಷ್‌ಗೆ ಮೂಲದ್ದೇ ಹೊಸ ರಬ್ಬರ್. ಅಲ್ಲಿ ಗಟ್ಟಿ ಮಾಡಿದರೆ ಸಿಗುವ ಲಾಭಕ್ಕಿಂತ ನಡುಕ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿದೆ. ಒಂದೇ ಕಡೆ ಹಾಕಿದರೆ ಎಳೆತ ಹೋಗುವುದಿಲ್ಲ.

ಬಿಚ್ಚುವ ಮುಂಚೆ ಮಾಡಿದ ಎರಡು ಕೆಲಸವೇ ಇಡೀ ಕೆಲಸದ ಜೀವಾಳ. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಂಡೆ. ಆಮೇಲೆ ಪಿಟ್‌ಗೆ ಇಳಿದು ಬ್ರಾಕೆಟ್ ಮೇಲಿಂದ ಆರ್ಮ್‌ಗೆ ಹಾಯುವಂತೆ ಬಿಳಿ ಪೇಂಟಿನ ಗೆರೆ ಎಳೆದೆ. ಯಾಕಂದ್ರೆ ಆರ್ಮ್‌ನ ಹಿಂದಿನ ತುದಿ ಬುಷ್ ಒಳಗೆ ಬಿಗಿಯಾಗಿ ಕೂತುಬಿಡುತ್ತದೆ. ಯಾವ ಕೋನದಲ್ಲಿ ಒತ್ತಿದಿರೋ ಅದೇ ಅದರ ವಿಶ್ರಾಂತಿಯ ಜಾಗ. ಚಕ್ರ ಜೋತುಬಿದ್ದಾಗಿನ ಕೋನದಲ್ಲಿ ಒತ್ತಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗ ಹರಿಯುವುದು ಬಹಳ ಸಲ ಇದಕ್ಕೇ. ಬೈಯಿಸಿಕೊಳ್ಳುವುದು ಮಾತ್ರ ಬುಷ್.

ಕಾರನ್ನು ಜಾಕ್ ಮೇಲೆ ಬಿಡಲಿಲ್ಲ. ಸ್ಟ್ಯಾಂಡ್ ಮೇಲೆ ಕೂರಿಸಿದೆ. ಎಡಗಡೆ ಮುಂದಿನ ಬೋಲ್ಟ್ ಹೊರಬರಲು ಗೇರ್‌ಬಾಕ್ಸ್ ಅಡ್ಡ. ಎಂಜಿನ್ ಹಿಡಿದಿರುವ ಕೆಳಗಿನ ಮೌಂಟ್ ಬಿಚ್ಚಿ, ಎಂಜಿನ್ ಸ್ವಲ್ಪ ಮುಂದಕ್ಕೆ ಸರಿಸಿದ ಮೇಲೆ ಬಂತು. ಉಳಿದದ್ದೆಲ್ಲ ಪಾನಾದ ಕೆಲಸ.

ಆರ್ಮ್‌ಗಳನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಒಯ್ದೆ. ಫೌಂಡ್ರಿ, ಲೇತ್, ಹೈಡ್ರಾಲಿಕ್ ಕೆಲಸಕ್ಕೆ ಹೆಸರಾದ ಊರಿನಲ್ಲಿರುವುದು ದೊಡ್ಡ ಅನುಕೂಲ. ಹಳೆ ಬುಷ್‌ಗೆ ಬೆಂಕಿ ಕೊಟ್ಟು ಸುಡುವುದು, ಸುತ್ತಿಗೆಯಿಂದ ಬಡಿಯುವುದು ಅಲ್ಲಿ ಬೇಕಾಗಲೇ ಇಲ್ಲ. ಬುಷ್ ಒತ್ತಿ ಕೂರಿಸುವ ಹೈಡ್ರಾಲಿಕ್ ಪ್ರೆಸ್ ನಡೆಸುವ ಕಾಕಾ ಬುಷ್ ಕೈಯಲ್ಲಿ ತಿರುಗಿಸಿ ನೋಡಿ, "ನಡುವ ಒತ್ತಬಾರದ್ರಿ. ಹೊರಗಿನ ರಿಂಗ್ ಮ್ಯಾಲೆ ಅಷ್ಟ ಜೋರ್ ಬೀಳಬೇಕು" ಅಂದರು.

"ಹೌದ್ರಿ ಕಾಕಾ, ಅದಕ್ಕ ಒಂದ್ ತುಂಡು ಪೈಪ್ ತಿರುವಿ ಕೊಡ್ರಿ" ಅಂದೆ. ಹೊರ ರಿಂಗ್‌ಗೆ ಸರಿಯಾಗಿ ಕೂರುವ ಕೊಳವೆಯನ್ನು ಲೇತ್ ಮೇಲೆ ತಿರುವಿಸಿ ಕೊಟ್ಟರು. ಬ್ರಾಕೆಟ್‌ನ ರಂಧ್ರವನ್ನು ಎಮ್ರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿದೆ. ಜಾರಲು ಸೋಪಿನ ನೀರು. ಸಾದಾ ಗ್ರೀಸ್ ಹಚ್ಚಬಾರದು, ರಬ್ಬರ್ ಉಬ್ಬುತ್ತದೆ. ಮೊದಲು ಒಂದಿಷ್ಟು ಒಳಹೋಗುವವರೆಗೆ ಕಾಕಾ ನಿಧಾನವಾಗಿ ಹ್ಯಾಂಡಲ್ ಒತ್ತಿದರು, ಓರೆಯಾಗಿಲ್ಲ ಅಂತ ಸುತ್ತಲೂ ನೋಡಿದರು, ಆಮೇಲೆ ಒಂದೇ ಬೀಸಿನಲ್ಲಿ ಕೂರಿಸಿದರು. ಬ್ರಾಕೆಟ್‌ನ್ನು ಆರ್ಮ್‌ಗೆ ಒತ್ತುವಾಗ ಬಿಳಿ ಗೆರೆಗೆ ಗೆರೆ ಕೂಡಿಸಿದೆವು.

ಬೋಲ್ಟ್‌ಗಳೆಲ್ಲ ಹೊಸವು. ಇವನ್ನು ಇಷ್ಟು ನ್ಯೂಟನ್ ಮೀಟರ್‌ಗೆ ಬಿಗಿದು, ಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು ಅಂತ ರಿಪೇರಿ ಪುಸ್ತಕದಲ್ಲಿದೆ. ಹಾಗೆ ಬಿಗಿದಾಗ ಬೋಲ್ಟ್ ಹಿಗ್ಗುತ್ತದೆ. ಎರಡನೇ ಸಲ ಅದನ್ನು ನಂಬುವಂತಿಲ್ಲ. ಮುಂದಿನ ಬುಷ್‌ನ ಬೋಲ್ಟ್ ಮಾತ್ರ ಕಾರು ಸ್ಟ್ಯಾಂಡ್ ಮೇಲಿರುವಾಗ ಬಿಗಿಯಲಿಲ್ಲ. ಕಾರನ್ನು ಚಕ್ರದ ಮೇಲೆ ಇಳಿಸಿದಾಗ ಟೈರ್ ನೆಲಕ್ಕೆ ಕಚ್ಚಿಕೊಂಡು ಮೂತಿ ಎತ್ತರದಲ್ಲೇ ನಿಂತಿತ್ತು. ಹಿಂದೆ ಮುಂದೆ ತಳ್ಳಿ, ಬಾನೆಟ್ ಒತ್ತಿ ಕುಣಿಸಿ, ಟೇಪ್‌ನಲ್ಲಿ ಮೊದಲಿನ ಅಳತೆ ಬಂದ ಮೇಲೆ ಪಿಟ್‌ಗೆ ಇಳಿದು ಕೊನೆಯ ಬಿಗಿತ ಕೊಟ್ಟೆ.

ಅಲೈನ್‌ಮೆಂಟ್ ಮಾಡಿಸಿ ಬೆಳಗಾವಿ ಹತ್ತಿರದ ವಂಟಮೂರಿ ಘಾಟ್‌ಗೆ ಹೋದೆ. ಇಳಿಜಾರಿನ ತಿರುವಿನ ಮುಂಚೆ ಬ್ರೇಕ್ ಒತ್ತಿದರೆ ಕಾರು ನೇರ ನಿಲ್ಲುತ್ತದೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ಒಳಗೆ ಬರುತ್ತದೆ. ಊರೊಳಗಿನ ಕಾಂಕ್ರೀಟ್ ರಸ್ತೆಯ ಜೋಡಣೆಗಳ ಮೇಲೆ ಸಣ್ಣ ಅದುರು ಮೊದಲಿಗಿಂತ ಸ್ವಲ್ಪ ಜಾಸ್ತಿ ಕೈಗೆ ಬರುತ್ತದೆ. ಚೋರ್ಲಾದ ತಗ್ಗುಗಳಲ್ಲಿ ಟಕ್ ಸದ್ದು ಪೂರ್ತಿ ಹೋಗಿದೆ, ಹೊಸ ಟೈರುಗಳ ಒಳಅಂಚೂ ಹೊರಅಂಚೂ ಈಗ ಸಮನಾಗಿ ಸವೆಯುತ್ತಿವೆ.