ಮೊದಲು ಕೋಣೆ ಅಳೆಯಿರಿ, ಹೆಡ್‌ಸೆಟ್ ಆಮೇಲೆ ಆರಿಸಿ

2016ರ ಒಂದೇ ವರ್ಷದಲ್ಲಿ ಮೂರು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳು, ಅಂದರೆ ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೆ ಆಡುವ ಸಾಧನಗಳು, ಮನೆಬಳಕೆಯ ಮಾರುಕಟ್ಟೆಗೆ ಇಳಿದವು. ಮಾರ್ಚ್ 28ಕ್ಕೆ ಆಕ್ಯುಲಸ್ ರಿಫ್ಟ್, ಬೆಲೆ 599 ಡಾಲರ್. ವಾರ ಕಳೆದು ಏಪ್ರಿಲ್ 5ಕ್ಕೆ ಎಚ್‌ಟಿಸಿ ಮತ್ತು ವಾಲ್ವ್ ಸೇರಿ ತಂದ ವೈವ್, 799 ಡಾಲರ್. ಅಕ್ಟೋಬರ್ 13ಕ್ಕೆ ಸೋನಿಯ ಪ್ಲೇಸ್ಟೇಷನ್ ವಿಆರ್, 399 ಡಾಲರ್. ಮೂರೂ ಈಗ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತವೆ. ವಿಆರ್ ಕಲಿಯಲು, ಒಳಗೆ ಏನಿದೆ ಎಂದು ಬಿಚ್ಚಿ ನೋಡಲು ಇವತ್ತಿಗೂ ಒಳ್ಳೆಯ ಸಾಮಾನುಗಳೇ. ಆದರೆ ಒಂದಕ್ಕೆ ಒಗ್ಗುವ ಕೋಣೆ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಡಬ್ಬದ ಮೇಲಿನ ರೆಸಲ್ಯೂಷನ್ ನೋಡಿ ಹೋಲಿಸುತ್ತಾರೆ. ಅದರಿಂದ ಏನೂ ತಿಳಿಯದು. ರಿಫ್ಟ್ ಮತ್ತು ವೈವ್ ಎರಡರಲ್ಲೂ ಕಣ್ಣಿಗೊಂದರಂತೆ 1080×1200 ಪಿಕ್ಸೆಲ್‌ನ ಓಲೆಡ್ ಪರದೆ, ಎರಡೂ ಸೆಕೆಂಡಿಗೆ 90 ಚಿತ್ರ ತೋರಿಸುತ್ತವೆ. ನಿಮ್ಮ ತಲೆ, ಕೈ ಕೋಣೆಯಲ್ಲಿ ಎಲ್ಲಿವೆ ಎಂದು ಹೆಡ್‌ಸೆಟ್ ಕಂಡುಕೊಳ್ಳುವ ಬಗೆ, ಅಂದರೆ ಟ್ರ್ಯಾಕಿಂಗ್, ಅದರಲ್ಲೇ ನಿಜವಾದ ಪೈಪೋಟಿ ನಡೆದದ್ದು. ಎಷ್ಟು ಜಾಗ ಬೇಕು, ಗೋಡೆಗೆ ಮೊಳೆ ಹೊಡೆಯಬೇಕೋ ಬೇಡವೋ, ಎಷ್ಟು ಯುಎಸ್‌ಬಿ ಪೋರ್ಟ್ ಬೇಕು ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ಹಂತ 1: ಟೇಪು ಹಿಡಿಯಿರಿ

ಮಂಚ, ಮೇಜು, ಬೀರು ಬಿಟ್ಟು ನೆಲದಲ್ಲಿ ಖಾಲಿ ಉಳಿಯುವ ಆಯತವನ್ನಷ್ಟೇ ಅಳೆಯಿರಿ. ಬಾಗಿಲು ಒಳಕ್ಕೆ ತೆರೆದುಕೊಳ್ಳುವಂತಿದ್ದರೆ ಅದರ ಬೀಸನ್ನೂ ಕಳೆಯಿರಿ. ಫ್ಯಾನ್ ಎತ್ತರವನ್ನು ಮರೆಯುವವರೇ ಹೆಚ್ಚು: ಕೈ ಪೂರ್ತಿ ಮೇಲೆತ್ತಿ, ಕಂಟ್ರೋಲರ್‌ನ ಉದ್ದ ಸೇರಿಸಿ ನೋಡಿ.

ವೈವ್‌ನಲ್ಲಿ ನಡೆದಾಡಿ ಆಡಲು ಕನಿಷ್ಠ 2 ಮೀಟರ್ × 1.5 ಮೀಟರ್ ಬೇಕು. ಅಷ್ಟಿಲ್ಲದಿದ್ದರೆ ನಿಂತು ಅಥವಾ ಕುಳಿತು ಆಡುವ ಸೆಟಪ್ ಆರಿಸಿಕೊಳ್ಳಬಹುದು. ಆದರೆ ಆಗ ವೈವ್ ಕೊಂಡ ಮುಖ್ಯ ಕಾರಣವೇ ಹೋಯಿತು. ಪ್ಲೇಸ್ಟೇಷನ್ ವಿಆರ್‌ಗೆ ಸೋನಿ ಹೇಳುವ ಜಾಗ 3 ಮೀಟರ್ ಉದ್ದ, 1.9 ಮೀಟರ್ ಅಗಲ. ಆದರೆ ಅದರಲ್ಲಿ ಹೆಚ್ಚಿನ ಆಟ ಕುರ್ಚಿಯಲ್ಲೇ ಕುಳಿತು ಆಡುವಂಥದ್ದು, ಕ್ಯಾಮೆರಾದಿಂದ ಸುಮಾರು 1.5 ಮೀಟರ್ ದೂರದಲ್ಲಿ ಕೂತರೆ ಸಾಕು. ರಿಫ್ಟ್ ಇವೆರಡರ ನಡುವಿನದು: ಮೇಜಿನ ಮುಂದೆ ನಿಂತು ಆಡಲು ತಯಾರಾಗಿ, ಆಮೇಲೆ ಕೋಣೆ ತುಂಬ ನಡೆದಾಡಲು ಕಲಿತ ಹೆಡ್‌ಸೆಟ್.

ಹಂತ 2: ಯಾರು ಯಾರನ್ನು ನೋಡುತ್ತಾರೆ, ತಿಳಿದುಕೊಳ್ಳಿ

ಸ್ವಲ್ಪ ತಾಳ್ಮೆಯಿಂದ ಓದಬೇಕಾದ ಹಂತ ಇದು. ಇಲ್ಲಿ ತಪ್ಪಿದರೆ ಆಮೇಲೆ ಎಷ್ಟು ಸೆಟ್ಟಿಂಗ್ ತಿರುವಿದರೂ ಕೈ ಗಾಳಿಯಲ್ಲಿ ತೇಲಿಹೋಗುವುದು ನಿಲ್ಲದು.

ವೈವ್ ಜೊತೆ ಬೇಸ್ ಸ್ಟೇಷನ್ ಎಂಬ ಎರಡು ಪುಟ್ಟ ಕಪ್ಪು ಪೆಟ್ಟಿಗೆ ಬರುತ್ತವೆ. ಅವು ನಿಮ್ಮನ್ನು ನೋಡುತ್ತವೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅವುಗಳಲ್ಲಿ ಕ್ಯಾಮೆರಾವೇ ಇಲ್ಲ. ಪೆಟ್ಟಿಗೆ ಮೊದಲು ಇಡೀ ಕೋಣೆಗೆ ಒಮ್ಮೆ ಇನ್‌ಫ್ರಾರೆಡ್ ಬೆಳಕು ಮಿಂಚಿಸುತ್ತದೆ. ಬೆನ್ನಿಗೇ, ಸೆಕೆಂಡಿಗೆ 60 ಸುತ್ತು ತಿರುಗುವ ರೋಟರ್‌ನಿಂದ ಲೇಸರ್ ಗೆರೆಯೊಂದು ಹೊರಟು ಪೊರಕೆಯಂತೆ ಕೋಣೆಯನ್ನು ಗುಡಿಸಿಕೊಂಡು ಹೋಗುತ್ತದೆ. ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ. ಹೆಡ್‌ಸೆಟ್‌ನ ಮೈಮೇಲಿನ ಗುಳಿಗಳಲ್ಲಿ 32 ಸೆನ್ಸರ್‌ಗಳಿವೆ. ಮಿಂಚಿನಿಂದ ಲೇಸರ್ ತಾಗುವವರೆಗೆ ಎಷ್ಟು ಹೊತ್ತಾಯಿತು ಎಂದು ಪ್ರತಿ ಸೆನ್ಸರ್ ಎಣಿಸುತ್ತದೆ. ಒಂದು ಸುತ್ತಿಗೆ 16.67 ಮಿಲಿಸೆಕೆಂಡ್, ಅಂದರೆ ಒಂದು ಮಿಲಿಸೆಕೆಂಡಿಗೆ 21.6 ಡಿಗ್ರಿ. ಲೇಸರ್ 4 ಮಿಲಿಸೆಕೆಂಡ್ ತಡವಾಗಿ ತಾಗಿದರೆ ರೋಟರ್ ಅಷ್ಟರಲ್ಲಿ 86.4 ಡಿಗ್ರಿ ತಿರುಗಿದೆ ಎಂದು ಅರ್ಥ. ಹೀಗೆ ಗಡಿಯಾರವೇ ಅಳತೆಗೋಲಾಗುತ್ತದೆ. ಪೆಟ್ಟಿಗೆಗೆ ಕರೆಂಟ್ ಕೊಟ್ಟರೆ ಸಾಕು, ಕಂಪ್ಯೂಟರಿಗೆ ಅದರಿಂದ ಒಂದು ವೈರೂ ಬೇಡ.

ರಿಫ್ಟ್‌ನದು ಇದರ ತಿರುಗುಮುರುಗು. ದೀಪಗಳು ತಲೆಯ ಮೇಲೆ, ಕಣ್ಣು ಮೇಜಿನ ಮೇಲೆ. ಹೆಡ್‌ಸೆಟ್‌ನಲ್ಲಿ ಹುದುಗಿಸಿದ ಇನ್‌ಫ್ರಾರೆಡ್ ಎಲ್‌ಇಡಿಗಳು ನಿಗದಿತ ಲಯದಲ್ಲಿ ಮಿನುಗುತ್ತವೆ. ಮೇಜಿನ ಮೇಲಿನ ಸೆನ್ಸರ್ ಎಂಬ ಕ್ಯಾಮೆರಾ ಅವನ್ನು ಚಿತ್ರ ಹಿಡಿದು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸುರಿಯುತ್ತದೆ. ಯಾವುದು ಯಾವ ದೀಪ ಎಂದು ಲಯ ನೋಡಿ ಗುರುತಿಸುವುದು ಕಂಪ್ಯೂಟರಿನ ಕೆಲಸ. ಪಟ್ಟಿಯ ಹಿಂಭಾಗದಲ್ಲೂ ದೀಪಗಳಿರುವುದರಿಂದ ತಲೆ ತಿರುಗಿಸಿದರೆ ತೊಂದರೆಯಿಲ್ಲ. ಆದರೆ ಎರಡೂ ಸೆನ್ಸರ್ ಎದುರಿಗೇ ಇದ್ದು ನೀವು ಬೆನ್ನು ತಿರುಗಿಸಿದರೆ ಕೈಗಳು ಮೈಯ ಮರೆಗೆ ಹೋಗುತ್ತವೆ. ಪೂರ್ತಿ ಸುತ್ತು ತಿರುಗಿ ಆಡಬೇಕಾದರೆ ಹಿಂದೊಂದು ಮೂರನೇ ಸೆನ್ಸರ್ ಬೇಕು.

ಪ್ಲೇಸ್ಟೇಷನ್ ವಿಆರ್ ಕೂಡ ಕ್ಯಾಮೆರಾ ದಾರಿಯದೇ. ಆದರೆ ಅಲ್ಲಿನದು ಕಣ್ಣಿಗೆ ಕಾಣುವ ನೀಲಿ ಬೆಳಕು, ಕ್ಯಾಮೆರಾವೂ ಒಂದೇ. ಹಿಂದೆ ಕಿಟಕಿಯಿಂದ ಬಿಸಿಲು ಬರುತ್ತಿದ್ದರೆ, ಪಕ್ಕದಲ್ಲಿ ಮೇಜುದೀಪ ಉರಿಯುತ್ತಿದ್ದರೆ ಕ್ಯಾಮೆರಾ ಗಲಿಬಿಲಿಗೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಮೂವ್ ಕಂಟ್ರೋಲರ್‌ಗಳಂತೂ 2010ರಲ್ಲಿ ಪ್ಲೇಸ್ಟೇಷನ್ 3ಕ್ಕೆಂದು ಬಂದವು. ಇದ್ದದ್ದನ್ನೇ ದುಡಿಸಿಕೊಂಡು ಬೆಲೆ ಇಳಿಸಿದ ಸೋನಿಯ ಲೆಕ್ಕಾಚಾರ ತಪ್ಪಲಿಲ್ಲ: 2017ರ ಫೆಬ್ರುವರಿ 19ರ ಹೊತ್ತಿಗೆ 9,15,000 ಹೆಡ್‌ಸೆಟ್ ಮಾರಾಟವಾಗಿದ್ದವು ಎಂದು ಕಂಪನಿಯೇ ಹೇಳಿತು.

ಹಂತ 3: ಕಂಪ್ಯೂಟರಿನ ಹಿಂಭಾಗ ನೋಡಿ

ಪ್ಲೇಸ್ಟೇಷನ್ ವಿಆರ್ ಓಡುವುದು ಪ್ಲೇಸ್ಟೇಷನ್ 4ರಲ್ಲಿ, ಕಂಪ್ಯೂಟರಿನಲ್ಲಲ್ಲ. ಅದನ್ನು ಆರಿಸಿದವರು ಈ ಹಂತ ಬಿಡಬಹುದು.

ರಿಫ್ಟ್, ವೈವ್ ಎರಡೂ ಆರಂಭದಲ್ಲಿ ಕೇಳಿದ್ದು ಜಿಟಿಎಕ್ಸ್ 970 ಅಥವಾ ಆರ್9 290 ಮಟ್ಟದ ಗ್ರಾಫಿಕ್ಸ್ ಕಾರ್ಡ್, ಐ5-4590 ಪ್ರೊಸೆಸರ್. ಯಾಕಷ್ಟು ಎಂದರೆ, 2160×1200 ಪಿಕ್ಸೆಲ್‌ಗಳನ್ನು ಸೆಕೆಂಡಿಗೆ 90 ಬಾರಿ ಬರೆದರೆ 23.3 ಕೋಟಿ ಪಿಕ್ಸೆಲ್ ಆಯಿತು. ಫುಲ್ ಎಚ್‌ಡಿ ಮಾನಿಟರ್‌ಗೆ 60ರ ವೇಗದಲ್ಲಿ ಬೇಕಾದದ್ದು 12.4 ಕೋಟಿ. ಮಸೂರದ ಡೊಂಕನ್ನು ಸರಿದೂಗಿಸಲು ಉದ್ದಗಲ ಎರಡರಲ್ಲೂ ಸುಮಾರು 1.4 ಪಟ್ಟು ದೊಡ್ಡದಾಗಿ ಬರೆದು ಆಮೇಲೆ ಕುಗ್ಗಿಸಬೇಕು. ಹಾಗಾಗಿ ಅಸಲು ಹೊರೆ 45 ಕೋಟಿ ದಾಟುತ್ತದೆ. ಒಂದೊಂದು ಚಿತ್ರಕ್ಕೂ ಸಿಗುವ ಸಮಯ 11.1 ಮಿಲಿಸೆಕೆಂಡ್. ಅಷ್ಟರೊಳಗೆ ಮುಗಿಯದಿದ್ದರೆ ಚಿತ್ರ ಎಡವುತ್ತದೆ, ಅದರ ಹಿಂದೆಯೇ ತಲೆಸುತ್ತು. ಆಕ್ಯುಲಸ್ 2016ರ ಕೊನೆಗೆ ತಂದ ಸ್ಪೇಸ್‌ವಾರ್ಪ್ ತಂತ್ರ 45 ಚಿತ್ರ ಬರೆಸಿ ಉಳಿದ 45ನ್ನು ತಾನೇ ಊಹಿಸಿ ತುಂಬುತ್ತದೆ. ಅದರಿಂದ ಜಿಟಿಎಕ್ಸ್ 960 ಕೂಡ ಸಾಕಾಯಿತು. ಊಹೆ ತಪ್ಪಿದಾಗ ವೇಗವಾಗಿ ಬೀಸಿದ ಕೈಯ ಅಂಚು ಕಲಸಿದಂತೆ ಕಾಣುತ್ತದೆ, ಅಷ್ಟೆ.

ಇವತ್ತಿನ ಕಾರ್ಡ್‌ಗಳಿಗೆ ಇದು ದೊಡ್ಡ ಹೊರೆಯಲ್ಲ. ಈಗ ಕೈಕೊಡುವುದು ಪೋರ್ಟ್‌ಗಳು. ರಿಫ್ಟ್‌ಗೆ ಎಚ್‌ಡಿಎಂಐ ಬಿಟ್ಟು ಬೇರೆ ದಾರಿಯಿಲ್ಲ, ಜೊತೆಗೆ ಮೂರು ಯುಎಸ್‌ಬಿ 3.0 ಹಾಗೂ ಒಂದು 2.0 ಪೋರ್ಟ್ ಬೇಕು. ವೈವ್‌ಗೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್, ಒಂದೇ ಒಂದು ಯುಎಸ್‌ಬಿ. ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐ ಪೋರ್ಟ್ ನೇರ ಗ್ರಾಫಿಕ್ಸ್ ಚಿಪ್‌ಗೇ ಹೋಗಿದೆಯೇ ವಿಚಾರಿಸಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಹೋಗಿದ್ದರೆ ಹೆಡ್‌ಸೆಟ್ ಎಚ್ಚರಗೊಳ್ಳುವುದೇ ಇಲ್ಲ.

ಹಂತ 4: ಡಬ್ಬದಲ್ಲಿ ಏನಿಲ್ಲ ಎಂದು ನೋಡಿ

599 ಡಾಲರಿನ ಮೊದಲ ರಿಫ್ಟ್ ಡಬ್ಬದಲ್ಲಿ ಒಂದು ಸೆನ್ಸರ್ ಮತ್ತು ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಇದ್ದವು, ಕೈಗಳಿಗೆ ಟ್ರ್ಯಾಕಿಂಗ್ ಇರಲಿಲ್ಲ. ಕೈಗಳನ್ನು ಟ್ರ್ಯಾಕ್ ಮಾಡುವ ಟಚ್ ಕಂಟ್ರೋಲರ್ ಜೋಡಿ ಬಂದದ್ದು 2016ರ ಡಿಸೆಂಬರ್ 6ಕ್ಕೆ, ಎರಡನೇ ಸೆನ್ಸರ್ ಸಮೇತ 199 ಡಾಲರಿಗೆ. ಕೂಡಿಸಿ ನೋಡಿ: 798. ವೈವ್‌ಗಿಂತ ಒಂದೇ ಡಾಲರ್ ಕಡಿಮೆ! ‘ಅಗ್ಗದ’ ರಿಫ್ಟ್ ಅಗ್ಗವಾಗಿದ್ದದ್ದು ಅರ್ಧ ಡಬ್ಬ ಕೊಟ್ಟಾಗ ಮಾತ್ರ. ಮುಂದೆ 2017ರ ಮಾರ್ಚ್‌ನಲ್ಲಿ ಎರಡೂ ಸೇರಿ 598ಕ್ಕೆ ಇಳಿದವು, ಆ ಬೇಸಿಗೆಯ ಮಾರಾಟದಲ್ಲಿ 399ಕ್ಕೆ ಬಂದವು. ಆಗಸ್ಟ್‌ನಲ್ಲಿ ವೈವ್ ಕೂಡ 599ಕ್ಕೆ ಇಳಿಯಬೇಕಾಯಿತು.

ಆದ್ದರಿಂದ ಸೆಕೆಂಡ್ ಹ್ಯಾಂಡ್ ರಿಫ್ಟ್ ಕೊಳ್ಳುವಾಗ ಎರಡು ಸೆನ್ಸರ್, ಎರಡು ಟಚ್ ಇವೆಯೇ ಎಣಿಸಿ. ಪ್ಲೇಸ್ಟೇಷನ್ ವಿಆರ್‌ನ 399ರಲ್ಲಿ ಕ್ಯಾಮೆರಾ ಸೇರಿರಲಿಲ್ಲ, ಅದಿಲ್ಲದೆ ಟ್ರ್ಯಾಕಿಂಗೇ ಇಲ್ಲ. ಪ್ರೊಸೆಸರ್ ಯೂನಿಟ್ ಎಂಬ ಪೆಟ್ಟಿಗೆಯ ಮಾಡೆಲ್ ಸಂಖ್ಯೆಯನ್ನೂ ನೋಡಿ: ಮೊದಲ ತಲೆಮಾರಿನದು ಟಿವಿಗೆ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯಾಪ್ತಿ ಹೆಚ್ಚಿರುವ) ಚಿತ್ರ ಹಾಯಲು ಬಿಡುವುದಿಲ್ಲ, ಎರಡನೆಯದು ಬಿಡುತ್ತದೆ. ವೈವ್‌ನಲ್ಲಿ ಲಿಂಕ್ ಬಾಕ್ಸ್ (ಹೆಡ್‌ಸೆಟ್ ಮತ್ತು ಕಂಪ್ಯೂಟರ್ ನಡುವೆ ಕೂರುವ ಪುಟ್ಟ ಪೆಟ್ಟಿಗೆ) ಮತ್ತು ಮೂರು ಪವರ್ ಅಡಾಪ್ಟರ್ ಇರಬೇಕು: ಲಿಂಕ್ ಬಾಕ್ಸಿಗೊಂದು, ಬೇಸ್ ಸ್ಟೇಷನ್‌ಗಳಿಗೆ ಎರಡು.

ಆಟಗಳ ಅಂಗಡಿಯದೂ ಒಂದು ಮಾತು. ರಿಫ್ಟ್ ಇದ್ದರೆ ಆಕ್ಯುಲಸ್‌ನ (ಈಗ ಮೆಟಾ ಕಂಪನಿಯ ಹೆಸರಿನ) ಅಂಗಡಿ, ವಾಲ್ವ್‌ನ ಸ್ಟೀಮ್ ಎರಡೂ ತೆರೆದಿವೆ. ವೈವ್‌ನಲ್ಲಿ ಆಕ್ಯುಲಸ್ ಆಟಗಳನ್ನು ಆಡಲು ರಿವೈವ್ ಎಂಬ ಅನಧಿಕೃತ ತಂತ್ರಾಂಶ ಬೇಕು. 2016ರ ಮೇನಲ್ಲಿ ಆಕ್ಯುಲಸ್ ಅದಕ್ಕೆ ಬೀಗ ಜಡಿಯಿತು, ಬಳಕೆದಾರರ ಆಕ್ರೋಶ ಕಂಡು ಜೂನ್‌ನಲ್ಲಿ ಬೀಗ ತೆಗೆಯಿತು.

ಹಂತ 5: ದುಡ್ಡು ಕೊಡುವ ಮುಂಚೆ

ಮೊದಲು ಪರದೆ. ಮಸೂರಕ್ಕೆ ಬಿಸಿಲು ಬಿದ್ದರೆ ಭೂತಗನ್ನಡಿಯಂತೆ ಬೆಳಕನ್ನು ಕೂಡಿಸಿ ಹಿಂದಿನ ಪರದೆಯನ್ನು ಸುಡುತ್ತದೆ. ಕೆಲವೇ ನಿಮಿಷ ಸಾಕು. ಪೂರ್ತಿ ಬಿಳಿ ಚಿತ್ರ ಹಾಕಿಸಿ ನೋಡಿ, ಮಾಸಿದ ಚುಕ್ಕೆಯೋ ಗೆರೆಯೋ ಕಂಡರೆ ಕೈಬಿಡಿ, ಅದಕ್ಕೆ ರಿಪೇರಿಯಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ನೋಡುವಾಗ ಸುತ್ತ ಬೆಳಕಿನ ಕಿರಣ ಚೆಲ್ಲಿದರೆ ಹೆದರಬೇಡಿ. ಅದು ಫ್ರೆನೆಲ್ ಮಸೂರದ, ಅಂದರೆ ಮೈಮೇಲೆ ಬಳೆಯಾಕಾರದ ಗೀರುಗಳಿರುವ ತೆಳು ಮಸೂರದ, ಹುಟ್ಟುಗುಣ, ರಿಫ್ಟ್ ಮತ್ತು ವೈವ್ ಎರಡರಲ್ಲೂ ಇದೆ. ಸೊಳ್ಳೆಪರದೆಯ ಹಿಂದಿನಿಂದ ನೋಡಿದಂತೆ ಪಿಕ್ಸೆಲ್‌ಗಳ ಸಂದು ಕಾಣುವುದೂ ಸಹಜ. ಸೋಜಿಗವೆಂದರೆ, ಕಡಿಮೆ ರೆಸಲ್ಯೂಷನ್‌ನ ಪ್ಲೇಸ್ಟೇಷನ್ ವಿಆರ್‌ನಲ್ಲೇ ಈ ಜಾಲರಿ ಕಡಿಮೆ ಕಾಣುತ್ತದೆ. ಅದರ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಮೂರೂ ತುಣುಕುಗಳಿದ್ದು ಒಟ್ಟು 62 ಲಕ್ಷ ದಾಟುತ್ತವೆ. ಉಳಿದೆರಡರಲ್ಲಿ ಪಿಕ್ಸೆಲ್‌ಗೆ ಎರಡೇ, ಒಟ್ಟು ಸುಮಾರು 52 ಲಕ್ಷ.

ಆಮೇಲೆ ಕೇಬಲ್. ಹೆಡ್‌ಸೆಟ್ ಹಾಕಿಕೊಂಡು, ವೈರ್ ತಲೆಗೆ ಸೇರುವ ಜಾಗವನ್ನು ಮೆಲ್ಲಗೆ ಅಲುಗಾಡಿಸಿ. ಚಿತ್ರ ಮಿಟುಕಿದರೆ ಒಳಗಿನ ಎಳೆ ಮುರಿದಿದೆ. ರಿಫ್ಟ್‌ನ ಕೇಬಲ್ ಅದಕ್ಕೇ ಮಾಡಿದ್ದು, ಈಗ ಹೊಸದು ತಯಾರಾಗುತ್ತಿಲ್ಲ. ಕೊನೆಗೆ, ಎರಡೂ ಮಸೂರಗಳ ನಡುವೆ ಮೇಲ್ಗಡೆ ಇರುವ ಸಾಮೀಪ್ಯ ಸೆನ್ಸರ್‌ಗೆ ಬೆರಳು ಮುಚ್ಚಿ: ಪರದೆ ಹೊತ್ತಿಕೊಳ್ಳಬೇಕು.

ಹಂತ 6: ಕೂರಿಸುವುದು

ವೈವ್‌ನ ಬೇಸ್ ಸ್ಟೇಷನ್‌ಗಳನ್ನು ಕೋಣೆಯ ಎದುರುಬದುರು ಮೂಲೆಗಳಲ್ಲಿ, 2 ಮೀಟರಿಗಿಂತ ಮೇಲೆ, 30ರಿಂದ 45 ಡಿಗ್ರಿ ಕೆಳಮುಖವಾಗಿ ಕೂರಿಸಿ. ನಡುವಿನ ದೂರ 5 ಮೀಟರ್ ಮೀರಬಾರದು. ಗೋಡೆ ಕೊರೆಯಲಾಗದಿದ್ದರೆ ಕ್ಯಾಮೆರಾ ಟ್ರೈಪಾಡ್ ಬಳಸಿ, ತಿರುಪು ಅದೇ ಅಳತೆಯದು. ಆದರೆ ನಡೆದಾಗ ನಡುಗುವ ಟ್ರೈಪಾಡ್ ಬೇಡ: ಪೆಟ್ಟಿಗೆ ನಡುಗಿದರೆ ನಿಮ್ಮ ಇಡೀ ಲೋಕ ನಡುಗುತ್ತದೆ. ಒಂದು ಪೆಟ್ಟಿಗೆಯ ಚಾನೆಲನ್ನು ‘ಬಿ’ಗೆ, ಇನ್ನೊಂದರದನ್ನು ‘ಸಿ’ಗೆ ಇಡಿ, ಪೆಟ್ಟಿಗೆಗಳು ಒಂದಕ್ಕೊಂದು ಕಾಣುವಂತಿರಬೇಕು. ನಡುವೆ ಬೀರು ಅಡ್ಡ ಬಂದರೆ ಎರಡನ್ನೂ ಜೋಡಿಸುವ ಸಿಂಕ್ ಕೇಬಲ್ ಎಳೆದು ಚಾನೆಲ್ ‘ಎ’ ಮತ್ತು ‘ಬಿ’ ಮಾಡಿ. ದೀಪ ಹಸಿರಾಗಿಯೇ ಉಳಿದರೆ ಸರಿ. ಕೋಣೆಯಲ್ಲಿ ನಿಲುವುಗನ್ನಡಿ, ಗಾಜು ಹಾಕಿದ ಫೋಟೊ ಇದ್ದರೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಲೇಸರ್ ಪ್ರತಿಫಲಿಸಿ ಕಂಟ್ರೋಲರ್ ಗಕ್ಕನೆ ಹಾರುತ್ತದೆ.

ರಿಫ್ಟ್‌ನ ಎರಡು ಸೆನ್ಸರ್‌ಗಳನ್ನು ಮೇಜಿನ ಮೇಲೆ 1ರಿಂದ 2 ಮೀಟರ್ ಅಂತರದಲ್ಲಿಡಿ. ಆಗಾಗ ಸಂಪರ್ಕ ತಪ್ಪಿದರೆ ಹತ್ತಕ್ಕೆ ಒಂಬತ್ತು ಸಲ ಯುಎಸ್‌ಬಿಯದೇ ದೋಷ. ಮದರ್‌ಬೋರ್ಡ್‌ನಲ್ಲಿ ನಾಲ್ಕು ಪೋರ್ಟ್ ಕಂಡರೂ ಒಳಗೆ ಒಂದೇ ಕಂಟ್ರೋಲರ್ ಚಿಪ್ ಎಲ್ಲವನ್ನೂ ಹೊತ್ತಿರಬಹುದು. ಒಂದು ಸೆನ್ಸರನ್ನು 2.0 ಪೋರ್ಟಿಗೆ ಬದಲಿಸಿ ನೋಡಿ. ಮೂರನೇ ಸೆನ್ಸರ್ ಜೊತೆ ಕಂಪನಿಯೇ 5 ಮೀಟರಿನ 2.0 ಕೇಬಲ್ ಕೊಡುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಬೇರೆ ಯುಎಸ್‌ಬಿ ಕಾರ್ಡ್ ಹಾಕಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವಿದ್ಯುತ್ ಉಳಿಸಲು ಯುಎಸ್‌ಬಿ ಹಬ್ ಆರಿಸುವ ಅನುಮತಿಯ ಟಿಕ್ ಗುರುತನ್ನೂ ತೆಗೆಯಿರಿ.

ಹಂತ 7: ಕಣ್ಣಿನ ಅಳತೆ

ಮಸೂರಗಳು ಕಣ್ಣಿನ ಪಾಪೆಗಳ ನೇರಕ್ಕೆ ಬರಬೇಕು, ಅದಕ್ಕೆ ಪಾಪೆಗಳ ನಡುವಿನ ದೂರ ಗೊತ್ತಿರಬೇಕು. ಕನ್ನಡಿಯ ಮುಂದೆ ನಿಂತು ಹುಬ್ಬಿನ ಕೆಳಗೆ ಸ್ಕೇಲ್ ಹಿಡಿಯಿರಿ. ಬಲಗಣ್ಣು ಮುಚ್ಚಿ ಸೊನ್ನೆಯನ್ನು ಎಡಗಣ್ಣಿನ ಪಾಪೆಯ ನಡುವಿಗೆ ಹೊಂದಿಸಿ; ಸ್ಕೇಲ್ ಕದಲಿಸದೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಪಾಪೆಯ ಮೇಲೆ ಎಷ್ಟು ಮಿಲಿಮೀಟರ್ ಬಂತು ಓದಿ. ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ರಿಫ್ಟ್‌ನಲ್ಲಿ ಕೆಳಗಿನ ಜಾರುಗುಂಡಿಯಿಂದ 58ರಿಂದ 72 ಮಿಲಿಮೀಟರ್ ತನಕ ಮಸೂರ ಸರಿಸಬಹುದು. ವೈವ್‌ನಲ್ಲಿ ಪಕ್ಕದ ತಿರುಪು ತಿರುಗಿಸಿದರೆ ಅಂಕಿ ಪರದೆಯಲ್ಲೇ ಕಾಣುತ್ತದೆ. ಪ್ಲೇಸ್ಟೇಷನ್ ವಿಆರ್‌ನಲ್ಲಿ ಮಸೂರ ಸರಿಯುವುದಿಲ್ಲ, ತಂತ್ರಾಂಶದಲ್ಲಷ್ಟೇ ಹೊಂದಾಣಿಕೆ. ಕನ್ನಡಕದವರಿಗೆ ಮಾತ್ರ ಇದೇ ಹಿತ: ತೂಕ 610 ಗ್ರಾಂ ಇದ್ದರೂ ಹಣೆಪಟ್ಟಿ ಭಾರ ಹೊರುತ್ತದೆ, ಮುಖದ ಭಾಗ ಮುಂದಕ್ಕೆ ಜಾರುತ್ತದೆ. 470 ಗ್ರಾಂನ ರಿಫ್ಟ್ ಹಗುರವಾದರೂ ಅಗಲ ಫ್ರೇಮಿನ ಕನ್ನಡಕ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ತೆಗೆಯುವಾಗ ಮಸೂರಕ್ಕೆ ಗೀರು ಬೀಳುತ್ತದೆ. ಹಾಕುವಾಗ ಮುಂದಿನಿಂದ ಹಿಂದಕ್ಕೆ, ತೆಗೆಯುವಾಗ ಹಿಂದಿನ ಪಟ್ಟಿ ಮೊದಲು.

ಮೊದಲ ದಿನ ಹತ್ತು ಹದಿನೈದು ನಿಮಿಷ ಸಾಕು. ನೀವು ನಿಂತಲ್ಲೇ ಇದ್ದು ಆಟದ ನೆಲ ಮಾತ್ರ ಓಡುವಂಥವನ್ನು ಆಮೇಲೆ ಆಡಿ. ಹಣೆ ಬೆವತರೆ, ಹೊಟ್ಟೆ ತೊಳಸಿದರೆ ಆ ಕ್ಷಣವೇ ಹೆಡ್‌ಸೆಟ್ ಬಿಚ್ಚಿ. ಹಲ್ಲು ಕಚ್ಚಿ ಮುಂದುವರಿದರೆ ವಾಕರಿಕೆ ಗಂಟೆಗಟ್ಟಲೆ ಉಳಿಯುತ್ತದೆ. ಎತ್ತಿಡುವಾಗ ಮಸೂರ ಕೆಳಮುಖವಾಗಿರಲಿ. ಒಣಗಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಆಲ್ಕೋಹಾಲ್ ತಾಗಿಸಬೇಡಿ. ವೈರನ್ನು ಹೆಡ್‌ಸೆಟ್‌ಗೆ ಬಿಗಿಯಾಗಿ ಸುತ್ತುವ ಬದಲು ಅಗಲ ಸುರುಳಿ ಮಾಡಿ ಪಕ್ಕದಲ್ಲಿಡಿ.