ಮಳೆನಾಡಿನ ಮನೆಯಲ್ಲಿ ಮಾಂಸಕ್ಕಾಗಿ ಆಡು ಸಾಕುವ ಕ್ರಮ

ಅಮೆರಿಕದ ಕುಟುಂಬಗಳು ಬೈಸನ್ ಸಾಕಿ ಮಾಂಸ ಮಾರುವುದನ್ನು ಮೊಬೈಲಿನಲ್ಲಿ ನೋಡಿ, ನಮ್ಮ ಬ್ಯಾಣದಲ್ಲಿಯೂ (ಹುಲ್ಲುಗಾವಲಿನಲ್ಲಿಯೂ) ಹಾಗೆ ಮಾಡಬಹುದೇ ಎಂದು ಕೇಳುವ ಹುಡುಗರು ಶಿರಸಿಯ ಕಡೆ ಈಗ ಸಿಗುತ್ತಾರೆ. ನಮ್ಮಲ್ಲಿ ಬೈಸನ್ ಎಂದು ಕರೆಯುವುದು ಕಾಡುಕೋಣವನ್ನು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ಸಾಕುವ ಮಾತೇ ಇಲ್ಲ. ಮನೆಯವರೇ ದುಡಿದು, ಮಾಂಸಕ್ಕಾಗಿ ಸಾಕಿ, ಲಾಭ ಕಾಣಬಹುದಾದ ಪ್ರಾಣಿ ಇಲ್ಲಿ ಆಡು. ಆದರೆ ಬಯಲುಸೀಮೆಯ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಮೊದಲ ಆಷಾಢದಲ್ಲಿಯೇ ದೊಡ್ಡಿ ಖಾಲಿಯಾಗುತ್ತದೆ. ಕೊಳ್ಳುವ ತಿಂಗಳಿನಿಂದ ಮಾರುವ ತಿಂಗಳಿನವರೆಗೆ ಪ್ರತಿಯೊಂದನ್ನೂ ಮಳೆಯ ಲೆಕ್ಕದಲ್ಲಿಯೇ ನಿರ್ಧರಿಸಬೇಕು.

ಆರಂಭಕ್ಕೆ ಹತ್ತು ಹೆಣ್ಣು, ಒಂದು ಹೋತ ಸಾಕು. ಒಂದು ಹೋತ ಇಪ್ಪತ್ತು ಇಪ್ಪತ್ತೈದು ಹೆಣ್ಣುಗಳಿಗೆ ಸಾಲುವುದರಿಂದ ಮಂದೆ ಬೆಳೆದರೂ ಎರಡನೆಯದು ಬೇಕಾಗುವುದಿಲ್ಲ; ಆದರೆ ತನ್ನ ಮಕ್ಕಳ ಮೇಲೆಯೇ ಹಾರದಂತೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಉತ್ತರ ಕೇರಳದ ಮಲಬಾರಿ ತಳಿ ಜಡಿಮಳೆಗೆ ಒಗ್ಗಿಕೊಂಡಿದ್ದು, ಅವಳಿ ಮರಿ ಹಾಕುವುದೂ ಹೆಚ್ಚು. ಘಟ್ಟದ ಆಚೆಯ ಸಂತೆಯಿಂದ ತರುವುದಾದರೆ ನವೆಂಬರಿನಲ್ಲಿ ತನ್ನಿ. ಇಲ್ಲಿನ ಹವೆಗೆ ಹೊಂದಿಕೊಳ್ಳಲು ಮಳೆಗೆ ಮೊದಲು ಆರು ತಿಂಗಳ ಅವಧಿ ಅವಕ್ಕೆ ಬೇಕು. ಬಂದವುಗಳನ್ನು ಮೂರು ವಾರ ಬೇರೆಯಾಗಿಯೇ ಕಟ್ಟಬೇಕು.

ದೊಡ್ಡಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಆಡು ಚಳಿಯನ್ನು ತಾಳುತ್ತದೆ, ಹಸಿವನ್ನೂ ಒಂದಿಷ್ಟು ತಾಳುತ್ತದೆ, ಒದ್ದೆ ನೆಲವನ್ನು ಮಾತ್ರ ತಾಳುವುದಿಲ್ಲ. ಗೊರಸು ಕೊಳೆಯುತ್ತದೆ, ಮೂತ್ರದ ಅಮೋನಿಯಾ ಮೂಗಿಗೆ ಹೊಡೆದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದ್ದರಿಂದ ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಅಟ್ಟಣಿಗೆ ಕಟ್ಟಬೇಕು. ತೋಟದಲ್ಲಿ ಬಿದ್ದ ಹಳೆಯ ಅಡಿಕೆ ಮರವನ್ನು ಸೀಳಿದ ದಬ್ಬೆಯೇ ಇದಕ್ಕೆ ಸಾಕು. ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ, ಆದರೆ ಕಾಸು ಖರ್ಚಿಲ್ಲ. ದಬ್ಬೆಗಳ ನಡುವಿನ ಸಂದು ಅರ್ಧ ಇಂಚಿಗಿಂತ ತುಸು ಹೆಚ್ಚಿರಲಿ. ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳದು, ಒಂದು ಇಂಚಾದರೆ ಎಳೆಮರಿಯ ಕಾಲು ಸಿಕ್ಕಿ ಮುರಿಯುತ್ತದೆ. ಮರಿಗಳಿರುವ ಮೂಲೆಗೆ ದರಕು, ಅಂದರೆ ಒಣಗಿದ ಎಲೆ, ಹಾಸುವುದು ಕ್ಷೇಮ. ದೊಡ್ಡ ಹೆಣ್ಣಿಗೆ ಹತ್ತು ಹನ್ನೆರಡು ಚದರ ಅಡಿ, ಹೋತಕ್ಕೆ ಇಪ್ಪತ್ತು ಚದರ ಅಡಿ ಜಾಗ ಬೇಕು. ಕಾರವಾರ, ಅಂಕೋಲಾದ ಕಡೆ ಗಾಳಿಮಳೆ ಸಮುದ್ರದಿಂದ ಅಡ್ಡಲಾಗಿ ಹೊಡೆಯುವುದರಿಂದ ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿ, ಮಾಡನ್ನು ಮೂರು ಅಡಿ ಹೊರಚಾಚಿ, ಉಳಿದ ಕಡೆ ಗಾಳಿಯಾಡಲು ಬಿಡಬೇಕು. ಅಟ್ಟಣಿಗೆಯ ಕೆಳಭಾಗಕ್ಕೆ ಜಾಲರಿ ಹೊಡೆಯದಿದ್ದರೆ ಹೆಬ್ಬಾವು ಅಲ್ಲಿಯೇ ಮನೆ ಮಾಡುತ್ತದೆ. ಅಲ್ಲಿ ಬಿದ್ದ ಹಿಕ್ಕೆ ನೇರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ. ಗೊಬ್ಬರದ ಈ ಉಳಿತಾಯವನ್ನು ಲೆಕ್ಕದಲ್ಲಿ ಬರೆಯುವವರು ಕಡಿಮೆ.

ಮೇವಿಗೆ ಇಲ್ಲಿ ಬರವಿಲ್ಲ, ಅಪಾಯವಿರುವುದು ಹುಲ್ಲಿನಲ್ಲಿ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಜಂತುವಿನ ಮೊಟ್ಟೆ ಮರಿಯಾಗಿ, ಒದ್ದೆಯಾದ ಹುಲ್ಲಿನ ಎಸಳನ್ನು ಕೆಲವು ಅಂಗುಲ ಏರಿ ಕುಳಿತಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಮೇದ ಆಡು ಅದನ್ನೇ ನುಂಗುತ್ತದೆ. ಆ ಮರಿ ಸೊಪ್ಪಿನ ಮರದ ಎತ್ತರಕ್ಕೆ ಹತ್ತುವುದಿಲ್ಲ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೇಯಲು ಬಿಡದೆ, ಹಲಸು, ಹಾಲವಾಣ, ಗ್ಲಿರಿಸಿಡಿಯ ಸೊಪ್ಪನ್ನು ಕಡಿದು, ನೀರಿಳಿಸಿ, ಆಡಿನ ಮುಖದ ಎತ್ತರಕ್ಕೆ ಕಟ್ಟಿ ತೂಗುಹಾಕಬೇಕು. ಒಂದಕ್ಕೆ ದಿನಕ್ಕೆ ನಾಲ್ಕೈದು ಕಿಲೋ ಸಾಕು. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದೊಳಗೆ ಆಡನ್ನು ಬಿಡಲೇಬಾರದು. ಮುಂದೆ ತೋಟಕ್ಕೆ ಸೊಪ್ಪು ಕೊಡಬೇಕಾದ ಸಸಿಗಳನ್ನೇ ಅದು ಮೊದಲು ಮುಗಿಸುತ್ತದೆ.

ಜಂತು ಹೊಕ್ಕಿದೆಯೇ ಎಂದು ತಿಳಿಯಲು ಹದಿನೈದು ದಿನಕ್ಕೊಮ್ಮೆ ಬೆಳಕಿಗೆ ಹಿಡಿದು ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ. ಒಳಗೆ ಕೆಂಪಗಿದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿದೆ ಎಂದರ್ಥ, ಗದ್ದದ ಕೆಳಗೆ ನೀರು ತುಂಬಿದ ಚೀಲ ಜೋತರೆ ತಡವಾಗಿದೆ ಎಂದರ್ಥ. ಮಳೆಗಾಲದ ನಡುವೆ ಬಿಳಿಚಿದವಕ್ಕೆ ಮಾತ್ರ, ತೂಗಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ಕೊಡಿ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಕ್ಕೆ ಬಗ್ಗದ ಹುಳುಗಳೇ ಉಳಿದುಕೊಳ್ಳುತ್ತವೆ.

ನಮ್ಮ ಮನೆಯಲ್ಲಿ ಸತ್ತ ಮೊದಲ ಆಡು ಮಾತ್ರ ಹುಳುವಿನಿಂದ ಸತ್ತದ್ದಲ್ಲ. ನಿಶ್ಚಿತಾರ್ಥದ ಊಟದಲ್ಲಿ ಉಳಿದ ಅನ್ನವನ್ನು ಪಾಪ ತಿನ್ನಲಿ ಎಂದು ನಾನೇ ಬುಟ್ಟಿಯಲ್ಲಿ ಸುರಿದೆ. ಬೆಳಗಾಗುವಾಗ ಅದರ ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು, ಮಧ್ಯಾಹ್ನಕ್ಕೆ ಮುಗಿಯಿತು. ಅನ್ನ, ದೋಸೆಹಿಟ್ಟು, ಮೇ ತಿಂಗಳಲ್ಲಿ ರಾಶಿ ಬೀಳುವ ಹಲಸಿನ ಹಣ್ಣು, ಇವೆಲ್ಲ ಒಮ್ಮೆಲೇ ಹೊಟ್ಟೆಗೆ ಹೋದರೆ ಅಲ್ಲಿ ಹುಳಿಯಾಗಿ ಪ್ರಾಣ ತೆಗೆಯುತ್ತವೆ. ಮರಗೆಣಸಿನ ಹಸಿ ಸೊಪ್ಪಿನಲ್ಲಿ ಸಯನೈಡ್ ವಿಷವಿರುವುದರಿಂದ ಅದೂ ಬೇಡ.

ಲಸಿಕೆಗಳನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ: ಮೂರು ತಿಂಗಳು ದಾಟಿದ ಮರಿಗೆ ಪಿಪಿಆರ್ ಎಂಬ ಆಡಿನ ಪ್ಲೇಗಿಗೆ, ಮಳೆಗೆ ಮೊದಲು ಪ್ರತಿವರ್ಷ ಕರುಳುಬೇನೆಗೆ, ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರಕ್ಕೆ. ಸಿದ್ದಾಪುರದ ಕಡೆಯವರು ಆಡಿನ ಮೈಗೆ ಕಚ್ಚಿದ ಉಣ್ಣೆ ಹುಳುವನ್ನು ಬರಿಗೈಯಲ್ಲಿ ಹಿಸುಕಬಾರದು. ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆಯೇ.

ಗರ್ಭದ ಅವಧಿ ಸುಮಾರು 150 ದಿನ. ಜೂನ್‌ನಲ್ಲಿ ಹೋತವನ್ನು ಸೇರಿಸಿದರೆ ನವೆಂಬರಿನ ಒಣಹವೆಯಲ್ಲಿ ಮರಿ ಬೀಳುತ್ತದೆ. ಉಳಿದ ದಿನಗಳಲ್ಲಿ ಹೋತವನ್ನು ಬೇರೆ ಕಟ್ಟದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಹುಟ್ಟಿದ ಮರಿಯ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲೇಬೇಕು. ಆ ಮರಿ ಮುಂದಿನ ಮಳೆ ಹಿಡಿಯುವಾಗ ಏಳು ತಿಂಗಳಿನದಾಗಿ ಗಟ್ಟಿಯಾಗಿರುತ್ತದೆ.

ಮಾರಾಟಕ್ಕೂ ಈ ಲೆಕ್ಕವೇ ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಕರಾವಳಿಯಲ್ಲಿ ಮೀನಿನ ಬದಲಿಗೆ ಮಾಂಸವನ್ನು ಕೇಳುತ್ತಾರೆ. ಶ್ರಾವಣ ಬಂದೊಡನೆ ಬೇಡಿಕೆ ಇಳಿಯುತ್ತದೆ. ಬಕ್ರೀದ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಅದಕ್ಕೆ ಬೇರೆಯೇ ಹೋತಗಳನ್ನು ಉಳಿಸಿಕೊಳ್ಳಬೇಕು. ಆ ಗಿರಾಕಿ ಬಂದವನೇ ತುಟಿ ಎತ್ತಿ ಎರಡು ದೊಡ್ಡ ಹಲ್ಲು ಬಂದಿವೆಯೇ ಎಂದು ನೋಡುತ್ತಾನೆ, ಏಕೆಂದರೆ ವರ್ಷ ತುಂಬಿರಬೇಕು. ಕೊಂಬು ಮುರಿದಿದ್ದರೆ, ಕುಂಟಿದರೆ ಬೇಡವೆನ್ನುತ್ತಾನೆ. ಕಟುಕನಾದರೋ ಬೆನ್ನ ಮೇಲೆ ಕೈಯಾಡಿಸಿ ಕಣ್ಣಂದಾಜಿನಲ್ಲಿ ಬೆಲೆ ಹೇಳುತ್ತಾನೆ, ಅವನ ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ. ದೊಡ್ಡಿಯ ತೊಲೆಗೆ ಒಂದು ತೂಗುತಕ್ಕಡಿ ನೇತುಹಾಕಿ, ಜೀವತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಂಸ ಸಿಗುತ್ತದೆಂಬ ಲೆಕ್ಕ ಹಿಡಿದು, ಅವನೆದುರಿಗೇ ತೂಗಿ ಮಾತಿಗೆ ಕುಳಿತುಕೊಳ್ಳಿ.