ತುತಾಂಖಾಮುನ್ ಹೆಸರನ್ನು ನೀವೇ ಓದಿ

ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಆಸೆಯಿದ್ದರೆ ರಾಜರ ಹೆಸರಿನಿಂದಲೇ ಆರಂಭಿಸಿ. 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಈ ಲಿಪಿಯ ಗುಟ್ಟು ಬಿಡಿಸಿದ್ದಕ್ಕೂ ಟಾಲೆಮಿ, ಕ್ಲಿಯೋಪಾತ್ರರ ಹೆಸರುಗಳೇ ಆಧಾರವಾಗಿದ್ದವು.

ಮೊದಲು ಒಂದು ತುದಿಗೆ ಅಡ್ಡಗೆರೆಯಿರುವ ಉದ್ದನೆಯ ದುಂಡು ಚೌಕಟ್ಟನ್ನು ಹುಡುಕಿ. ಇದೇ ಕಾರ್ಟೂಷ್. ವಾಸ್ತವದಲ್ಲಿ ಅದು ಹಗ್ಗದ ಕುಣಿಕೆ, ಅಡ್ಡಗೆರೆ ಅದರ ಗಂಟು. 'ಶೆನ್' ಎಂಬ ವರ್ತುಲಾಕಾರದ ಚಿಹ್ನೆ ಇದರ ಮೂಲ. ಸೂರ್ಯ ಸುತ್ತುವ ಜಗತ್ತೆಲ್ಲ ಅರಸನದೆಂಬ ಭಾವ ಅದರಲ್ಲಿದೆ. ಒಳಗೆ ಹೆಸರು ಹಿಡಿಸಬೇಕಲ್ಲ, ವರ್ತುಲ ನೀಳವಾಯಿತು.

ಒಬ್ಬ ಫೇರೋಗೆ ಎರಡು ಕಾರ್ಟೂಷ್‌ಗಳಿರುತ್ತವೆ. ಬಾತುಕೋಳಿ ಮತ್ತು ಸೂರ್ಯಬಿಂಬ ಜೊತೆಗಿರುವುದನ್ನು ಆರಿಸಿಕೊಳ್ಳಿ. ಆ ಜೋಡಿಯ ಅರ್ಥ 'ರಾ ದೇವನ ಮಗ', ಒಳಗಿರುವುದು ಹುಟ್ಟುಹೆಸರು.

ಇನ್ನು ದಿಕ್ಕು. ಹಕ್ಕಿಯ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಬೇಕು. ಚೌಕಟ್ಟು ನೆಟ್ಟಗಿದ್ದರೆ ಮೇಲಿನಿಂದ ಕೆಳಕ್ಕೆ ಬನ್ನಿ.

ಈಗ ಫೇರೋ ತುತಾಂಖಾಮುನ್‌ನ ಹುಟ್ಟುಹೆಸರಿನ ಕಾರ್ಟೂಷ್ ನೋಡೋಣ. ಜೊಂಡಿನ ಎಲೆ 'ಇ'. ಸೆನೆತ್ ಆಟದ ಹಲಗೆ 'ಮ್‌ನ್'. ಅದರಡಿಯ ನೀರಿನ ಅಲೆ 'ನ್', ಹಲಗೆಯ ಕೊನೆಯ ಧ್ವನಿಯನ್ನೇ ಇನ್ನೊಮ್ಮೆ ತೋರಿಸಿ ಓದುಗನಿಗೆ ನೆರವಾಗುತ್ತದೆ. ಸ್ವರಗಳನ್ನು ಬರೆಯುವ ರೂಢಿಯಿಲ್ಲದ ಈ ಲಿಪಿಯಲ್ಲಿ ಇಷ್ಟಕ್ಕೇ 'ಅಮುನ್' ಎಂಬ ದೇವರ ಹೆಸರಾಯಿತು. ಮುಂದೆ ರೊಟ್ಟಿ, ಲಾವಕ್ಕಿ ಮರಿ, ಮತ್ತೆ ರೊಟ್ಟಿ: 'ತುತ್', ಅಂದರೆ ಪ್ರತಿರೂಪ.

ಕೊನೆಗೆ ಮೇಲೆ ಕುಣಿಕೆಯಿರುವ ಶಿಲುಬೆಯಂಥ ಚಿಹ್ನೆ, 'ಅಂಖ್'. ಮೂರು ವ್ಯಂಜನಗಳನ್ನು ಒಂದೇ ಚಿತ್ರ ಹೊರುತ್ತದೆ; ಅರ್ಥ ಬದುಕು. ದೇವಾಲಯದ ಗೋಡೆಗಳಲ್ಲಿ ದೇವತೆಗಳು ಇದನ್ನು ಅರಸನ ಮೂಗಿಗೆ ಹಿಡಿದು ಉಸಿರು ಕೊಡುವುದನ್ನು ಕಾಣಬಹುದು. ಇಷ್ಟು ದೊಡ್ಡ ಅರ್ಥದ ಚಿಹ್ನೆ ಚಪ್ಪಲಿಯ ಪಟ್ಟಿಯಿಂದ ಬಂದಿತೆಂದು ಈಜಿಪ್ಟ್ ಲಿಪಿತಜ್ಞ ಅಲನ್ ಗಾರ್ಡಿನರ್ ಭಾವಿಸಿದ್ದರು. ಗಂಟು ಹಾಕಿದ ಬಟ್ಟೆಯೆನ್ನುವವರೂ ಇದ್ದಾರೆ. ವಾದ ಇನ್ನೂ ತೀರಿಲ್ಲ.

ಈಗ ಜೋಡಿಸಿ. ಬರೆದ ಕ್ರಮದಲ್ಲೇ ಓದಿದರೆ ಹೆಸರು ತಪ್ಪುತ್ತದೆ. ದೇವರ ಹೆಸರನ್ನು ಗೌರವಕ್ಕಾಗಿ ಮೊದಲು ಬರೆದು, ಉಚ್ಚರಿಸುವಾಗ ಅದರ ಸರಿಯಾದ ಜಾಗಕ್ಕೆ ಒಯ್ಯುತ್ತಿದ್ದರು. ಆದ್ದರಿಂದ ತುತ್-ಅಂಖ್-ಅಮುನ್: 'ಅಮುನ್ ದೇವನ ಜೀವಂತ ಪ್ರತಿರೂಪ'. ನನಗೆ ಈ ಲಿಪಿಯಲ್ಲಿ ಅತ್ಯಂತ ಪ್ರಿಯವಾದ ಪದ್ಧತಿ ಇದು. ಭಕ್ತಿ ಇಲ್ಲಿ ಕಣ್ಣಿಗೇ ಕಾಣುತ್ತದೆ. ಕೆಳಗಿನ ಬಾಗಿದ ಕೋಲು, ಕಂಬ, ಗಿಡಗಳು ಅವನನ್ನು ಥೀಬ್ಸ್ ನಗರದ ಒಡೆಯನೆನ್ನುತ್ತವೆ.

1922ರಲ್ಲಿ ಅವನ ಸಮಾಧಿಯಲ್ಲಿ ಸಿಕ್ಕ ಚಿನ್ನದ ಸಿಂಹಾಸನದ ಚಿತ್ರದಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಕೆಲವು ಕಾರ್ಟೂಷ್‌ಗಳಲ್ಲಿ ಆಟದ ಹಲಗೆ ಇರುವುದಿಲ್ಲ. ಎಲೆಯ ಜೊತೆಗೆ ರೊಟ್ಟಿ, ನೀರು, ಸೂರ್ಯಬಿಂಬ ಇರುತ್ತವೆ. ಆಗ ನೀವು ಓದುತ್ತಿರುವುದು ಅವನ ಮೊದಲ ಹೆಸರು, ತುತಾಂಖಾತೆನ್.